56 ಹೋಮ್‌ರನ್ ಹೊಡೆದವನಿಗೆ ಮತ್ತೆ ಐದು ವರ್ಷದ ಕರಾರು. ಇದರ ಲೆಕ್ಕ ಯಾರಾದರೂ ಹೇಳಿಕೊಡಿ

ಬೆಳಗಿನಜಾವ_4_10 (ಕುವೆಂಪುನಗರ, ಮೈಸೂರು, ಡಿಸೆಂಬರ್ 2025)

ಇಲ್ಲಿ ಬೇಸ್‌ಬಾಲ್ ನೋಡುವವರು ಎಷ್ಟು ಜನ ಇದ್ದೀರೋ. ಮೂವರು ಸಿಕ್ಕಿದರೂ ಸಾಕು. ಮನೆಯಲ್ಲಿ ಈ ಗೋಳು ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ. ಹೇಳುತ್ತಿರುವುದು ಫಿಲಡೆಲ್ಫಿಯಾದ ಫಿಲೀಸ್ ತಂಡದ ಕೈಲ್ ಶ್ವಾರ್ಬರ್ ಬಗ್ಗೆ. ಹೋಮ್‌ರನ್ ಅಂದರೆ ಅಲ್ಲಿನ ಸಿಕ್ಸರ್ ಅಂದುಕೊಳ್ಳಿ.

ನಾನು 2007ರಿಂದ 2013ರವರೆಗೆ ಕೆಲಸದ ಮೇಲೆ ಅಮೆರಿಕದ ಫಿಲಡೆಲ್ಫಿಯಾ ಹತ್ತಿರ ಇದ್ದೆ. ಟಿವಿಯಲ್ಲಿ ಕ್ರಿಕೆಟ್ ಇಲ್ಲ, ಸಂಜೆ ಹೊತ್ತು ಹೋಗಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಒಂದು ಟಿಕೆಟ್ ಜಾಸ್ತಿ ಇದೆ ಬಾ ಅಂದರು. ಹೋದೆ. ಅಲ್ಲಿಗೆ ಕೆಟ್ಟೆ. ಮರುವರ್ಷವೇ, 2008ರಲ್ಲಿ, ಫಿಲೀಸ್ ತಂಡ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಫೈನಲ್, ಗೆದ್ದಿತು. ಬ್ರಾಡ್ ಸ್ಟ್ರೀಟ್‌ನಲ್ಲಿ ಮೆರವಣಿಗೆ. ನಾನು ಸಯ್ಯಾಜಿರಾವ್ ರಸ್ತೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ಜಂಬೂಸವಾರಿ ನೋಡಿದವನು. ಆದರೂ ಅವತ್ತಿನ ಜನ ನೋಡಿ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಆನೆ ಒಂದೇ ಕಮ್ಮಿ.

ಊರಿಗೆ ಬಂದು ಹನ್ನೆರಡು ವರ್ಷ ಆಯಿತು, ಚಟ ಹೋಗಿಲ್ಲ. ಅಲ್ಲಿ ಸಂಜೆ 6.40ಕ್ಕೆ ಆಟ ಶುರುವಾದರೆ ನಮಗೆ ಬೆಳಗಿನ ಜಾವ 4.10. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಮೂರು ನಾಲ್ಕು ದಿನ ಅಲಾರಂ ಇಟ್ಟು ಏಳುತ್ತೇನೆ. ದೀಪ ಹಾಕದೆ, ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಪಕ್ಕ ಕೂರುತ್ತೇನೆ. ಎದುರು ಮನೆಯವರು ನಾನು ಧ್ಯಾನ ಮಾಡುತ್ತೇನೆ ಅಂದುಕೊಂಡಿದ್ದಾರೆ. ತುಂಬಾ ಮರ್ಯಾದೆಯಿಂದ ಮಾತಾಡಿಸುತ್ತಾರೆ. ನಾನೂ ಸುಮ್ನೆ ಇದ್ದೇನೆ.

ಈಗ ಗೋಳು. ನಾಲ್ಕು ವರ್ಷದಿಂದ ಅವೇ ಮುಖಗಳು. 2022ರಲ್ಲಿ ಹೇಗೋ ಕೊನೆ ಸೀಟು ಹಿಡಿದು ಪ್ಲೇಆಫ್‌ಗೆ ಹೋದರು, ವರ್ಲ್ಡ್ ಸೀರೀಸ್‌ವರೆಗೂ ಹೋಗಿ ಹ್ಯೂಸ್ಟನ್ ಕೈಲಿ ಸೋತರು. ಬೇಜಾರಾಗಲಿಲ್ಲ, ಅಷ್ಟು ದೂರ ಹೋಗಿದ್ದೇ ಹೆಚ್ಚು. 2023ರಲ್ಲಿ ಏಳು ಆಟದ ಸೆಮಿಫೈನಲ್‌ನಲ್ಲಿ ಅರಿಜೋನಾ ಎದುರು 3-2 ಮುಂದಿದ್ದರು, ಉಳಿದ ಎರಡು ಆಟವೂ ನಮ್ಮ ಮೈದಾನದಲ್ಲೇ. ಎರಡೂ ಸೋತರು. 2024ರಲ್ಲಿ ನ್ಯೂಯಾರ್ಕ್‌ನ ಮೆಟ್ಸ್‌ನವರು ಅದಕ್ಕಿಂತ ಒಂದು ಸುತ್ತು ಮೊದಲೇ ಮನೆಗೆ ಕಳಿಸಿದರು.

ಇನ್ನು ಈ ವರ್ಷದ್ದು. ಅಕ್ಟೋಬರ್ 10, ಶುಕ್ರವಾರ, ಜಂಬೂಸವಾರಿ ಮುಗಿದು ಎಂಟು ದಿನ. ಲಾಸ್ ಏಂಜಲೀಸ್‌ನಲ್ಲಿ ಡಾಡ್ಜರ್ಸ್ ಎದುರು ನಾಲ್ಕನೇ ಆಟ, ಸೋತರೆ ಗಂಟುಮೂಟೆ ಕಟ್ಟಬೇಕು. ಮೂರೂವರೆಗೇ ಎದ್ದು ಕೂತಿದ್ದೆ. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ ಆಟ 1-1 ಆಗಿ 11ನೇ ಇನಿಂಗ್ಸ್‌ಗೆ ಹೋಯಿತು. ಅಷ್ಟು ಹೊತ್ತಿಗೆ ಬೆಳಕು ಹರಿದು ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ ಸದ್ದು. ಡಾಡ್ಜರ್ಸ್‌ಗೆ ಎರಡು ಔಟ್ ಆಗಿತ್ತು, ಇನ್ನೊಂದು ಆದರೆ ಅವರ ಸರದಿ ಮುಗಿಯುತ್ತಿತ್ತು. ಮೂರೂ ಬೇಸ್‌ನಲ್ಲಿ ಅವರ ಓಟಗಾರರು ನಿಂತಿದ್ದರು. ಚೆಂಡು ಪುಟಿಯುತ್ತಾ ನಮ್ಮ ಪಿಚ್ಚರ್ (ಅಲ್ಲಿನ ಬೌಲರ್) ಕರ್ಕರಿಂಗ್ ಹತ್ತಿರ ಬಂತು. ಅವನ ಕೈಗೆ ಸರಿಯಾಗಿ ಸಿಗಲಿಲ್ಲ. ಪರವಾಗಿಲ್ಲ, ಎತ್ತಿ ಮೊದಲ ಬೇಸ್‌ಗೆ ಎಸೆದು ಹೊಡೆದವನನ್ನು ಔಟ್ ಮಾಡೋಕೆ ಟೈಮ್ ಇತ್ತು. ಕ್ಯಾಚರ್ (ಅಲ್ಲಿನ ವಿಕೆಟ್ ಕೀಪರ್) ರಿಯಲ್ಮುಟೊ ಆ ಕಡೆಗೇ ಕೈ ತೋರಿಸುತ್ತಿದ್ದ. ಹುಡುಗ ಗಾಬರಿಯಲ್ಲಿ ಹೋಮ್‌ಗೆ, ಅಂದರೆ ರನ್ ಪೂರ್ತಿಯಾಗುವ ಬೇಸ್‌ಗೆ, ಎಸೆದ. ಚೆಂಡು ರಿಯಲ್ಮುಟೊನನ್ನೂ ದಾಟಿ ಹೋಯಿತು. 2-1. ಮುಗಿಯಿತು. ಹೆಂಡತಿ ತಟ್ಟೆ ತಂದಿಟ್ಟು, ನನ್ನ ಮುಖ ನೋಡಿ, ಏನೂ ಕೇಳದೆ ವಾಪಸ್ ಹೋದಳು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ 24. ಸಿಟ್ಟು ದೊಡ್ಡವರ ಮೇಲೆ. 11 ಇನಿಂಗ್ಸ್ ಆಡಿ ಒಂದೇ ಒಂದು ರನ್!

ಅವರ ವಯಸ್ಸು, ಸಂಬಳ ಎರಡೂ ನೋಡಿ. ಹಾರ್ಪರ್‌ಗೆ 33, 13 ವರ್ಷಕ್ಕೆ 330 ಮಿಲಿಯನ್ ಡಾಲರ್, 2031ರವರೆಗೆ. ಟರ್ನರ್‌ಗೆ 32, 11 ವರ್ಷಕ್ಕೆ 300 ಮಿಲಿಯನ್. ಅದು ಮುಗಿಯುವಾಗ ಅವನಿಗೆ 40. ನೋಲಾಗೆ 32, 7 ವರ್ಷಕ್ಕೆ 172 ಮಿಲಿಯನ್. ವೀಲರ್‌ಗೆ 35, ಆಗಸ್ಟ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ಇಷ್ಟು ಸಾಲದು ಅಂತ ಮೊನ್ನೆ ಡಿಸೆಂಬರ್ 9ಕ್ಕೆ ಕೈಲ್ ಶ್ವಾರ್ಬರ್‌ಗೆ ಮತ್ತೆ 5 ವರ್ಷ, 150 ಮಿಲಿಯನ್. ಇವತ್ತಿನ ಡಾಲರ್ ಬೆಲೆಗೆ ಸುಮಾರು 1,350 ಕೋಟಿ ರೂಪಾಯಿ. ವರ್ಷಕ್ಕೆ 270 ಕೋಟಿ. ಐಪಿಎಲ್‌ನಲ್ಲಿ ಇಡೀ ತಂಡ ಕಟ್ಟೋಕೆ ಕೊಡುವುದೇ 125 ಕೋಟಿ!

ಶ್ವಾರ್ಬರ್ ಈ ವರ್ಷ 56 ಹೋಮ್‌ರನ್ ಹೊಡೆದ. ನಿಜ. ಫಿಲೀಸ್ ಚರಿತ್ರೆಯಲ್ಲಿ ಒಂದು ವರ್ಷಕ್ಕೆ ಇದಕ್ಕಿಂತ ಜಾಸ್ತಿ ಹೊಡೆದವನು ಒಬ್ಬನೇ: ರಯಾನ್ ಹೊವಾರ್ಡ್, 2006ರಲ್ಲಿ 58. ಆ ಹೊವಾರ್ಡ್‌ಗೆ 2010ರಲ್ಲಿ ಹೀಗೇ 5 ವರ್ಷಕ್ಕೆ 125 ಮಿಲಿಯನ್ ಬರೆದುಕೊಟ್ಟರು, 2012ರಿಂದ ಜಾರಿ. 2011ರಲ್ಲಿ ತಂಡ 102 ಆಟ ಗೆದ್ದಿತ್ತು. ಅಕ್ಟೋಬರ್ 7ರ ರಾತ್ರಿ ಸೇಂಟ್ ಲೂಯಿಸ್ ಎದುರು ಕೊನೆಯ ಆಟಕ್ಕೆ ನಾನು ಮೈದಾನದಲ್ಲೇ ಇದ್ದೆ, ಮೇಲಿನ ಅಂತಸ್ತಿನಲ್ಲಿ. ಮೊದಲ ಇನಿಂಗ್ಸ್‌ನಲ್ಲಿ ಕೊಟ್ಟ ಒಂದು ರನ್ ಕೊನೆವರೆಗೂ ತೀರಿಸೋಕೆ ಆಗಲಿಲ್ಲ. 1-0. ಕೊನೆಯ ಔಟ್ ಹೊವಾರ್ಡ್‌ನದು. ಚೆಂಡನ್ನು ನೆಲಕ್ಕೆ ಹೊಡೆದು ಓಡಲು ಹೋದವನು ದಾರಿಯಲ್ಲೇ ಬಿದ್ದ. ಹಿಮ್ಮಡಿ ಮೇಲಿನ ನರ ಕಿತ್ತುಹೋಗಿತ್ತು. ಅತ್ತ ಸೇಂಟ್ ಲೂಯಿಸ್‌ನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು, ಇತ್ತ ಇವನು ನೆಲದ ಮೇಲೆ. ಹೊಸ ಕರಾರಿನ ಮೊದಲ ಸಂಬಳ ಇನ್ನೂ ಬಂದಿರಲಿಲ್ಲ.

ಆಮೇಲೆ ವರ್ಷದ 162 ಆಟದಲ್ಲಿ ಗೆಲುವು ಎಷ್ಟು ಗೊತ್ತಾ? 2012ರಲ್ಲಿ 81, ಮುಂದಿನ ಎರಡು ವರ್ಷ 73, 73, 2015ರಲ್ಲಿ 63.

ಹೊವಾರ್ಡ್‌ನ ಕರಾರು 32ರಿಂದ 36ನೇ ವಯಸ್ಸಿಗೆ. ಶ್ವಾರ್ಬರ್‌ನದು 33ರಿಂದ 37ಕ್ಕೆ. ಒಂದು ಸಲ ಕೈ ಸುಟ್ಟುಕೊಂಡ ಒಲೆಗೇ ಮತ್ತೆ ಕೈ ಇಡುವುದಕ್ಕೆ ನನಗೆ ಕಾಣದ ಲೆಕ್ಕ ಏನಾದರೂ ಇದೆಯಾ? ತಿಳಿದವರು ಹೇಳಿ.

ಈಸಲಕಪ್_ವಿಜಯನಗರ

ಅಣ್ಣ, 2008ರಲ್ಲಿ ಒಂದು ಕಪ್ ನೋಡಿಬಿಟ್ಟು ಇಷ್ಟು ಅಳ್ತೀರಲ್ಲ. ನಾವು ಆರ್‌ಸಿಬಿಗೆ 18 ವರ್ಷ ಕಾದ್ವಿ. ಇನ್ನೂ ಒಂದು ವರ್ಷ ಬಾಕಿ ಇದೆ ನಿಮಗೆ, ಆಮೇಲೆ ಮಾತಾಡಿ.

ಮಿಶಿಗನ್_ಮೈಸೂರಿಗ

ಸರ್, ಮೂವರಲ್ಲಿ ನಾನೊಬ್ಬ ಅಂತ ಬರೆದುಕೊಳ್ಳಿ. ಡೆಟ್ರಾಯಿಟ್ ಹತ್ತಿರ ಇದ್ದೇನೆ, ಇಲ್ಲಿನ ಟೈಗರ್ಸ್ ತಂಡದ ಕಡೆಯವನು. ಲೆಕ್ಕ ಕೇಳಿದಿರಿ, ಹೇಳ್ತೀನಿ.

ಬೇಸ್‌ಬಾಲ್‌ನಲ್ಲಿ ಹುಡುಗ ದೊಡ್ಡ ಲೀಗ್‌ಗೆ ಬಂದ ಮೇಲೆ ಆರು ವರ್ಷ ಅದೇ ತಂಡದ ಕೈಯಲ್ಲಿರುತ್ತಾನೆ. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ. ಈ ವರ್ಷ ಅದು 7,60,000 ಡಾಲರ್ ಇತ್ತು. ಅಂದರೆ ಚೆನ್ನಾಗಿ ಆಡುವ ವಯಸ್ಸಿನಲ್ಲಿ ದುಡ್ಡು ಕಮ್ಮಿ. ಆರು ವರ್ಷ ಮುಗಿಸಿ ಫ್ರೀ ಏಜೆಂಟ್, ಅಂದರೆ ಯಾವ ತಂಡಕ್ಕಾದರೂ ಹೋಗಬಹುದಾದವನು, ಆಗುವಷ್ಟರಲ್ಲಿ 28, 29, 30 ಆಗಿರುತ್ತದೆ. ಆಗ ಅವನಿಗೆ ದುಡ್ಡು ಕೊಡುವವರು ಅವನು ಆಡಿ ಮುಗಿಸಿದ್ದಕ್ಕೆ ಕೊಡುತ್ತಿರುತ್ತಾರೆ. ನೋಲಾ ಒಬ್ಬನನ್ನು ಬಿಟ್ಟರೆ ನೀವು ಹೇಳಿದ ದೊಡ್ಡವರನ್ನೆಲ್ಲ ನಿಮ್ಮ ತಂಡ ಹೊರಗಿಂದ ಕೊಂಡಿದೆ. ವಯಸ್ಸಾಗಿದೆ ಅನ್ನೋದು ಅವರ ತಪ್ಪಲ್ಲ, ಆ ಅಂಗಡಿಯಲ್ಲಿ ಸಿಗೋದೇ ಆ ಮಾಲು.

ಟರ್ನರ್‌ಗೆ 11 ವರ್ಷ ಯಾಕೆ? ಸಂಬಳದ ಮೊತ್ತ ಒಂದು ಗೆರೆ ದಾಟಿದರೆ ತಂಡ ಲಕ್ಷುರಿ ಟ್ಯಾಕ್ಸ್ ಕಟ್ಟಬೇಕು. ಈ ವರ್ಷ ಗೆರೆ 241 ಮಿಲಿಯನ್ ಇತ್ತು. ಆ ಲೆಕ್ಕಕ್ಕೆ ಹಿಡಿಯೋದು ಕರಾರಿನ ವರ್ಷದ ಸರಾಸರಿ. 300ನ್ನು 11ಕ್ಕೆ ಹಂಚಿದರೆ ವರ್ಷಕ್ಕೆ 27 ಚಿಲ್ಲರೆ. ಅದನ್ನೇ 7 ವರ್ಷಕ್ಕೆ ಕೊಟ್ಟಿದ್ದರೆ 43 ಆಗುತ್ತಿತ್ತು. ಅವನು 40ನೇ ವಯಸ್ಸಿನಲ್ಲಿ ಆಡುತ್ತಾನೆ ಅಂತ ಯಾರೂ ನಂಬಿಲ್ಲ ಸರ್, ಅದು ಕಂತು ಅಷ್ಟೇ. ಮನೆ ಸಾಲ 20 ವರ್ಷಕ್ಕೆ ತಗೊಳ್ಳಲ್ವಾ, ಹಾಗೆ. ಫಿಲೀಸ್ 2022ರಿಂದ ಪ್ರತಿ ವರ್ಷ ಗೆರೆ ದಾಟಿದೆ. ಹಾಗೆ ಸತತವಾಗಿ ದಾಟುವವರಿಗೆ ದರ ಏರುತ್ತಾ ಹೋಗುತ್ತದೆ. ಎಲ್ಲಕ್ಕಿಂತ ಮೇಲಿನ ಗೆರೆ ದಾಟಿದ ಒಂದೊಂದು ಡಾಲರ್‌ಗೆ ಒಂದು ಡಾಲರ್ 10 ಸೆಂಟ್ ತೆರಿಗೆ. ಮಾಲಿಗಿಂತ ಸುಂಕ ಜಾಸ್ತಿ!

ಇನ್ನು ಹೊವಾರ್ಡ್‌ಗೂ ಶ್ವಾರ್ಬರ್‌ಗೂ ಹೋಲಿಕೆ. ಎರಡು ವ್ಯತ್ಯಾಸ ಇದೆ. ಹೊವಾರ್ಡ್‌ನ ಹಳೆ ಕರಾರು ಮುಗಿಯೋಕೆ ಇನ್ನೂ ಎರಡು ಸೀಸನ್ ಇರುವಾಗಲೇ ಅವಸರಪಟ್ಟು ಬರೆದುಕೊಟ್ಟರು. ಶ್ವಾರ್ಬರ್ ಮಾರ್ಕೆಟ್‌ನಲ್ಲಿದ್ದ, ಬಿಟ್ಟರೆ ಬೇರೆಯವರು ಎತ್ತಿಕೊಳ್ಳುತ್ತಿದ್ದರು. ಮತ್ತೆ, ಹೊವಾರ್ಡ್ ಕಾಲದಲ್ಲಿ ನ್ಯಾಷನಲ್ ಲೀಗ್‌ನಲ್ಲಿ (ದೊಡ್ಡ ಲೀಗ್‌ನ ಎರಡು ಭಾಗದಲ್ಲಿ ನಿಮ್ಮ ತಂಡ ಇರುವುದು) ಡೆಸಿಗ್ನೇಟೆಡ್ ಹಿಟ್ಟರ್, ಅಂದರೆ ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟಿಂಗ್ ಮಾಡುವವನು, ಇರಲಿಲ್ಲ. ಕಾಲು ಹೋದರೂ ಫೀಲ್ಡಿಂಗ್ ಮಾಡಲೇಬೇಕಿತ್ತು. 2022ರಿಂದ ಇದೆ. ಶ್ವಾರ್ಬರ್ ಹೊಡೆಯೋದು, ಬೆಂಚಿಗೆ ಬಂದು ಕೂರೋದು, ಅಷ್ಟೇ. ಅವನು ಇನ್ನು ಎರಡು ಮೂರು ವರ್ಷ ಓಡುತ್ತಾನೆ ಅಂತ ನನಗನಿಸುತ್ತದೆ.

ಆದರೆ ಹೆದರಿಕೆ ಬೇಕಾದರೆ ಅದೂ ಇದೆ. ನಿಮ್ಮ ತಂಡಕ್ಕೆ ಆಟಗಾರರನ್ನು ಆರಿಸುವ ಈಗಿನ ಮುಖ್ಯಸ್ಥ ಡೇವ್ ಡೊಂಬ್ರೋಸ್ಕಿ 2014ರಲ್ಲಿ ನಮ್ಮ ಟೈಗರ್ಸ್‌ನಲ್ಲಿದ್ದಾಗ ಮಿಗೆಲ್ ಕ್ಯಾಬ್ರೆರಾಗೆ 8 ವರ್ಷಕ್ಕೆ 248 ಮಿಲಿಯನ್ ಬರೆದುಕೊಟ್ಟರು. ಅದು ಶುರುವಾಗಿದ್ದೇ 2016ಕ್ಕೆ, ಮುಗಿದದ್ದು ಅವನ 40ನೇ ವಯಸ್ಸಿಗೆ. 2019ರಲ್ಲಿ ನಾವು 114 ಆಟ ಸೋತ್ವಿ. ಬರೆದವರು ಅಷ್ಟರಲ್ಲಿ ಬಾಸ್ಟನ್‌ಗೆ ಹೋಗಿ 2018ರ ಕಪ್ ಗೆದ್ದುಕೊಂಡಿದ್ದರು!

ಬೆಳಗಿನಜಾವ_4_10

ಫೀಲ್ಡಿಂಗ್ ವಿಷಯ ಒಪ್ಪಿದೆ. ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಮನೆ ಸಾಲದ ಹೋಲಿಕೆ ಮಾತ್ರ ಒಪ್ಪಲ್ಲ. 20 ವರ್ಷ ಕಂತು ಕಟ್ಟಿದ ಮೇಲೆ ಮನೆ ನನ್ನದಾಗುತ್ತದೆ. ಟರ್ನರ್‌ನ ಮಂಡಿ ಯಾರದ್ದಾಗುತ್ತದೆ?

ಅವನ ಮೇಲೆ ಕೋಪ ಇಲ್ಲ, ಗೊತ್ತಿರಲಿ. 2023ರಲ್ಲಿ ಅವನು ಪೂರ್ತಿ ಮಂಕಾಗಿದ್ದಾಗ, ಆಗಸ್ಟ್‌ನಲ್ಲಿ ಒಂದು ದಿನ ಫಿಲಡೆಲ್ಫಿಯಾ ಜನ ಬೈಯೋದು ಬಿಟ್ಟು ಎದ್ದು ನಿಂತು ಚಪ್ಪಾಳೆ ಹೊಡೆದರು. ಫಿಲಡೆಲ್ಫಿಯಾ ಜನ! ಅಲ್ಲಿಂದ ಅವನ ಆಟವೇ ಬದಲಾಯಿತು. ಈ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಬ್ಯಾಟಿಂಗ್ ಸರಾಸರಿಗೆ ಅವನೇ ಮೊದಲು, .304. ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 304 ಹಿಟ್ ಅನ್ನುವ ಲೆಕ್ಕ. ಇಂಥವನನ್ನು ಬೈಯೋಕೂ ಬಾಯಿ ಬರಲ್ಲ. ಅದೇ ಕಷ್ಟ.

ಕೂಳೆ_ಮದ್ದೂರು

ನಮಸ್ಕಾರ. ನನಗೆ ಬೇಸ್‌ಬಾಲ್ ತಿಳಿಯದು, ಆದರೆ ಇದು ನಮ್ಮ ಕಬ್ಬಿನ ಗದ್ದೆ ಕಥೆ ಇದ್ದ ಹಾಗಿದೆ. ನಾಟಿ ಕಬ್ಬು ಕಡಿದ ಮೇಲೆ ಬುಡ ಬಿಟ್ಟರೆ ಕೂಳೆ ಬರುತ್ತದೆ. ಮೊದಲ ಕೂಳೆ ಚೆನ್ನಾಗೇ ಬರುತ್ತದೆ. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಅಲ್ಲಲ್ಲಿ ಬುಡ ಸತ್ತು ಸಾಲಲ್ಲಿ ಗ್ಯಾಪ್ ಬೀಳುತ್ತದೆ, ಜಲ್ಲೆ ಸಣ್ಣ ಆಗುತ್ತದೆ. ಆಗ ಕಿತ್ತು, ಉತ್ತು, ಹೊಸ ಬಿತ್ತನೆ ಹಾಕಬೇಕು. ಗೊತ್ತಿದ್ದೂ ನಮ್ಮಪ್ಪ ನಾಲ್ಕನೇ ಕೂಳೆ ಬಿಡೋರು. ಯಾಕಪ್ಪ ಅಂದರೆ, "ಬರುತ್ತೆ ಬಿಡೋ, ಹೋದ ಸಲ ಬಂದಿರಲಿಲ್ವಾ" ಅನ್ನೋರು. ನಿಮ್ಮ ತಂಡದವರೂ ನಮ್ಮಪ್ಪನ ಜಾತಿ.

ಬೆಳಗಿನಜಾವ_4_10

ಗೌಡ್ರೇ, ಚೆನ್ನಾಗಿ ಹೇಳಿದಿರಿ. ಆದರೆ ನಿಮ್ಮಪ್ಪನಿಗೆ ಒಂದು ಲೆಕ್ಕ ಇತ್ತು. ಕೂಳೆಗೆ ಬಿತ್ತನೆ ಖರ್ಚಿಲ್ಲ, ಉಳುಮೆ ಖರ್ಚಿಲ್ಲ. ಕಮ್ಮಿ ಬಂದರೂ ಗಿಟ್ಟುತ್ತಿತ್ತು. ಇಲ್ಲಿ ನಾಟಿ ಕಬ್ಬು ಅಗ್ಗ, ನಾಲ್ಕನೇ ಕೂಳೆಗೆ ಚಿನ್ನದ ಬೆಲೆ. ಮಿಶಿಗನ್‌ನವರು ಹೇಳಿದ್ದು ಅದೇ ತಾನೇ: ಹುಡುಗನಿಗೆ 7 ಲಕ್ಷ ಡಾಲರ್, 35 ಆದವನಿಗೆ 40 ಮಿಲಿಯನ್. ಈ ಥರದ ಗದ್ದೆ ಮಂಡ್ಯದಲ್ಲಿದ್ದರೆ ಒಂದೇ ವರ್ಷಕ್ಕೆ ಮಾರಿಕೊಳ್ಳಬೇಕಾಗುತ್ತಿತ್ತು.

ಕೂಳೆ_ಮದ್ದೂರು

ಹಂಗಾದ್ರೆ ನಮ್ಮಪ್ಪನೇ ವಾಸಿ. ಇವತ್ತು ಮನೆಗೆ ಹೋಗಿ ಹೇಳ್ತೀನಿ.

ಮೇಷ್ಟ್ರು_ಸರಸ್ವತಿಪುರಂ

ನಾನು ನಿವೃತ್ತ ಶಿಕ್ಷಕ. ಈ ಆಟ ನೋಡಿಲ್ಲ. ಆದರೆ ಮೇಲೆ ಒಬ್ಬರು ಆನೆ ಒಂದೇ ಕಮ್ಮಿ ಅಂದದ್ದು ಓದಿ ಒಂದು ಮಾತು ಹೇಳಬೇಕು ಅನಿಸಿತು.

ಅಂಬಾರಿ 750 ಕಿಲೋ. ಅರ್ಜುನ 2012ರಿಂದ 2019ರವರೆಗೆ ಎಂಟು ಸಲ ಹೊತ್ತ. ಅವನ ಮೇಲೆ ನಮಗೆಲ್ಲ ಎಷ್ಟು ಪ್ರೀತಿ ಇತ್ತು ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಆದರೂ ವಯಸ್ಸು 60 ಆಯಿತು ಅಂತ ನಿಲ್ಲಿಸಿದರು. 2020ರಿಂದ ಅಭಿಮನ್ಯು. ಈ ವರ್ಷ ಆರನೇ ಸಲ ಹೊತ್ತ, ಅವನಿಗೂ 59. ಮುಂದೆ ಯಾರು ಅನ್ನೋದನ್ನು ಇಲಾಖೆಯವರು ಮುಂದಿನ ದಸರಾ ದಿನ ಬೆಳಿಗ್ಗೆ ಯೋಚನೆ ಮಾಡಲ್ಲ. ಅಭಿಮನ್ಯು ಗಟ್ಟಿಯಾಗಿರುವಾಗಲೇ ಮಹೇಂದ್ರನಂಥವರ ಮೇಲೂ ಮರಳಿನ ಮೂಟೆ ಹೊರಿಸಿ, ಮರದ ಅಂಬಾರಿ ಕಟ್ಟಿ, ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ. ಶ್ರೀರಂಗಪಟ್ಟಣದ ದಸರಾದಲ್ಲಿ ಅಂಬಾರಿ ಹೊರಿಸುತ್ತಾರೆ. ಪಟಾಕಿ ಸದ್ದಿಗೆ, ಜನರ ಗಲಾಟೆಗೆ ಅಭ್ಯಾಸ ಆಗಲಿ ಅಂತ. ನಿಮ್ಮ ತಂಡದಲ್ಲಿ ಮರಳಿನ ಮೂಟೆ ಹೊರುತ್ತಿರುವವರು ಯಾರಿದ್ದಾರೆ? ಅದನ್ನು ನೀವು ಬರೆಯಲೇ ಇಲ್ಲವಲ್ಲ.

ಬೆಳಗಿನಜಾವ_4_10

ಮೇಷ್ಟ್ರೇ, ಕಿವಿ ಹಿಂಡಿದ ಹಾಗಾಯಿತು. ಇದ್ದಾರೆ. ಆಂಡ್ರೂ ಪೇಂಟರ್ ಅಂತ ಒಬ್ಬ ಪಿಚ್ಚರ್, 22 ವರ್ಷ. 2023ರಲ್ಲಿ ಮೊಣಕೈ ಆಪರೇಷನ್ ಆಗಿ ತಡವಾಯಿತು. ಜಸ್ಟಿನ್ ಕ್ರಾಫರ್ಡ್ ಇನ್ನೊಬ್ಬ, ಅವನಿಗೆ 21, ಅವನಪ್ಪನೂ ದೊಡ್ಡ ಆಟಗಾರ. ಏಡನ್ ಮಿಲ್ಲರ್ ಇದ್ದಾನೆ. ಮೂವರೂ ಇನ್ನೂ ದೊಡ್ಡ ಲೀಗ್‌ನಲ್ಲಿ ಒಂದು ಆಟವನ್ನೂ ಆಡಿಲ್ಲ. ದೊಡ್ಡವರು ಜಾಗ ಬಿಟ್ಟರೆ ತಾನೇ? ಅವರನ್ನು ನಿಲ್ಲಿಸೋಕೆ ಫಿಲಡೆಲ್ಫಿಯಾದಲ್ಲಿ ಅರಣ್ಯ ಇಲಾಖೆ ಇಲ್ಲ.

ಈಸಲಕಪ್_ವಿಜಯನಗರ

ಈಗ ಸೀರಿಯಸ್ ಆಗಿ ಒಂದು ಮಾತು. ಆರ್‌ಸಿಬಿ 2025ಕ್ಕೆ ಮುಂಚೆ ಉಳಿಸಿಕೊಂಡಿದ್ದು ಮೂವರನ್ನ: ಕೊಹ್ಲಿ, ಪಾಟಿದಾರ್, ಯಶ್ ದಯಾಳ್. ಫಾಫ್, ಮ್ಯಾಕ್ಸ್‌ವೆಲ್, ಸಿರಾಜ್ ಎಲ್ಲರನ್ನೂ ಬಿಟ್ಟರು. ಸಿರಾಜ್ ಹೋದಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಕಪ್ ಬಂದಿದ್ದು ಅದೇ ವರ್ಷ. ಮೆಗಾ ಹರಾಜು ಅಂತ ಇರೋದ್ರಿಂದ ಬಿಡಲೇಬೇಕು, ಮನಸ್ಸು ಕೇಳೋಕೆ ಹೋಗಲ್ಲ. ಆ ನಿಯಮ ಇಲ್ಲದೆ ಇದ್ದಿದ್ರೆ ನಾವು ಬಿಡ್ತಿದ್ವಾ? ಗೇಲ್ ಇನ್ನೂ ಓಪನಿಂಗ್ ಆಡ್ತಿದ್ದ. ನಿಜ ಹೇಳಿ ಅಣ್ಣ, ಶ್ವಾರ್ಬರ್‌ನ ಬಿಟ್ಟಿದ್ರೆ ನೀವು ಸುಮ್ನೆ ಇರ್ತಿದ್ರಾ?

ಬೆಳಗಿನಜಾವ_4_10

ಇಲ್ಲ.

ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಡ್ತೀನಿ. ಡಿಸೆಂಬರ್ 9, ಮಂಗಳವಾರ ರಾತ್ರಿ, ಊಟ ಮುಗಿದಿತ್ತು. ಮೊಸರಿನ ಪಾತ್ರೆ ಫ್ರಿಜ್‌ಗೆ ಇಡೋಕೆ ಹೋಗುತ್ತಿದ್ದೆ, ಫೋನ್‌ನಲ್ಲಿ ಸುದ್ದಿ ಬಂತು. "ಬಂದ!" ಅಂತ ಕೂಗಿಬಿಟ್ಟೆ. ಹೆಂಡತಿ "ಈ ಹೊತ್ತಲ್ಲಿ ಯಾರು ಬಂದ್ರು?" ಅಂತ ಬಾಗಿಲ ಕಡೆ ನೋಡಿದಳು. ಶ್ವಾರ್ಬರ್ ಅಂದೆ. ಅವಳು ಅದಕ್ಕೆ ಏನು ಹೇಳಿದಳು ಅನ್ನೋದು ಇಲ್ಲಿ ಬೇಡ. ರಾತ್ರಿ ಆಗಸ್ಟ್ 28ರ ಆಟ ಹಾಕಿಕೊಂಡು ಮತ್ತೆ ನೋಡಿದೆ, ಅಟ್ಲಾಂಟಾ ಎದುರು ಒಂದೇ ಆಟದಲ್ಲಿ ನಾಲ್ಕು ಹೋಮ್‌ರನ್ ಹೊಡೆದದ್ದು. ಹನ್ನೆರಡೂವರೆ ಆಯಿತು ಮಲಗುವಾಗ. ಬೆಳಿಗ್ಗೆ ಎದ್ದು ಲೆಕ್ಕ ಹಾಕಿದೆ, 37 ವರ್ಷ, 150 ಮಿಲಿಯನ್. ಆಗ ಸಂಕಟ ಶುರುವಾಗಿ ಇಲ್ಲಿ ಬಂದು ಬರೆದೆ.

ಈಗ ರಿಯಲ್ಮುಟೊ ಕರಾರೂ ಮುಗಿದಿದೆ. ಕ್ಯಾಚರ್, ಮಾರ್ಚ್‌ಗೆ 35. ಇಡೀ ದಿನ ಕುಕ್ಕರುಗಾಲಲ್ಲಿ ಕೂರುವ ಕೆಲಸ. ನಾನು 45 ಆದವನು, ತುಳಸಿಕಟ್ಟೆ ಹತ್ತಿರ ಕುಕ್ಕರುಗಾಲಲ್ಲಿ ಕೂತು ಎದ್ದರೆ ಮಂಡಿ ಲಟಕ್ ಅನ್ನುತ್ತದೆ. ಅವನನ್ನಾದರೂ ಬಿಡಬೇಕು. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಮಿಶಿಗನ್_ಮೈಸೂರಿಗ

ಸರ್, ಒಂದು ವಿಷಯ ಹೇಳದೆ ಬಿಟ್ಟಿದ್ದೆ. ಕ್ಯಾಬ್ರೆರಾ ಕೊನೆ ಕೊನೆಗೆ ಏನೂ ಆಡಲಿಲ್ಲ, ತಂಡ ಕೊಚ್ಚಿಹೋಗಿತ್ತು. ಆದರೆ 2022ರ ಏಪ್ರಿಲ್‌ನಲ್ಲಿ ಅವನು 3,000ನೇ ಹಿಟ್ ಹೊಡೆದಾಗ ನಾನು ಮಗಳನ್ನು ಕರೆದುಕೊಂಡು ಮೈದಾನದಲ್ಲಿದ್ದೆ. ಆ ಟಿಕೆಟ್ ಇನ್ನೂ ಫ್ರಿಜ್ ಮೇಲೆ ಅಂಟಿಸಿದೆ. ದುಡ್ಡು ನನ್ನದಲ್ಲವಲ್ಲ.

ಬೆಳಗಿನಜಾವ_4_10 (2026ರ ಜನವರಿಯಲ್ಲಿ ಸೇರಿಸಿದ್ದು)

ರಿಯಲ್ಮುಟೊ. ಮೂರು ವರ್ಷ, 45 ಮಿಲಿಯನ್.

ಈ ಸಲ ನಾನು "ಬಂದ!" ಅಂದಾಗ ಹೆಂಡತಿ ಬಾಗಿಲ ಕಡೆ ನೋಡಲಿಲ್ಲ. "ಎಷ್ಟು ವರ್ಷಕ್ಕೆ?" ಅಂದಳು.